ಎರರ್ ಸಂದೇಶವೂ ಉಪಕರಣದ ಕೆಲಸವೇ
ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಒಂದು ಬ್ರಾಕೆಟ್ ತೆರೆದು ಮುಚ್ಚಲು ಮರೆತರೆ, ಕೆಲವು ವರ್ಷಗಳ ಹಿಂದಿನವರೆಗೂ ಪೈಥಾನ್ ಬೆರಳು ತೋರಿಸುತ್ತಿದ್ದುದು ಹೆಚ್ಚಾಗಿ ಕೆಳಗಿನ, ಯಾವ ತಪ್ಪೂ ಇಲ್ಲದ ಸಾಲಿನ ಕಡೆಗೆ. ಜೊತೆಗೆ 'ವಾಕ್ಯರಚನೆ ಸರಿಯಿಲ್ಲ' ಎಂಬರ್ಥದ ಒಂದೇ ಮಾತು. ಕಲಿಯುವವರು ಆ ಸಾಲನ್ನು ಎಷ್ಟು ಸಲ ಅಳಿಸಿ ಬರೆದರೂ ಫಲವಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ 3.10ನೇ ಆವೃತ್ತಿ, ತೆರೆದ ಬ್ರಾಕೆಟ್ಟಿನ ಕೆಳಗೇ ಗುರುತು ಹಾಕಿ 'ಇದನ್ನು ಮುಚ್ಚಿಯೇ ಇಲ್ಲ' ಎಂದು ಹೇಳತೊಡಗಿತು. ಎಷ್ಟು ಬ್ರಾಕೆಟ್ ತೆರೆದೇ ಉಳಿದಿವೆ ಎಂಬ ಲೆಕ್ಕ ಪೈಥಾನ್ ಬಳಿ ಮೊದಲೂ ಇತ್ತು. ಬಹಳಷ್ಟು ಎರರ್ ಸಂದೇಶಗಳು ಕೆಟ್ಟಿರುವುದು ಉಪಕರಣಕ್ಕೆ ಏನೂ ತಿಳಿಯದ್ದರಿಂದಲ್ಲ, ತಿಳಿದದ್ದನ್ನು ಬಿಡಿಸಿ ಹೇಳುವ ಹೊಣೆಯನ್ನು ಯಾರೂ ಹೊರದ್ದರಿಂದ.

ಆ ಹೊಣೆ ಹೊತ್ತವರಲ್ಲಿ ಎಲ್ಮ್ ಎಂಬ ಪುಟ್ಟ ಭಾಷೆಯವರು ಮುಖ್ಯರು. 2015ರಲ್ಲಿ ಅವರು, ಕೋಡನ್ನು ಪರಿಶೀಲಿಸಿ ಅನುವಾದಿಸುವ ತಮ್ಮ ಕಂಪೈಲರ್‌ನ ಸಂದೇಶಗಳನ್ನು ಮನುಷ್ಯರು ಓದುವ ಬರಹದಂತೆ ತಿದ್ದಿದರು. ಅದರಿಂದ ಪ್ರೇರಣೆ ಪಡೆದ ರಸ್ಟ್ ಭಾಷೆ 2016ರಲ್ಲಿ ತನ್ನ ಸಂದೇಶಗಳ ರೂಪವನ್ನೇ ಬದಲಿಸಿತು. ಒಂದು ಮೌಲ್ಯವನ್ನು ಬೇರೆಡೆಗೆ ಒಪ್ಪಿಸಿದ ಮೇಲೆ ಮತ್ತೆ ಬಳಸಿದರೆ, ಒಪ್ಪಿಸಿದ ಸಾಲು, ಮತ್ತೆ ಬಳಸಿದ ಸಾಲು ಎರಡನ್ನೂ ರಸ್ಟ್ ತೋರಿಸುತ್ತದೆ. ತಪ್ಪಿಗೆ ಎಷ್ಟೋ ಸಲ ಇಂಥ ಎರಡು ಜಾಗಗಳಿರುತ್ತವೆ, ಹಳೆಯ ಉಪಕರಣಗಳು ಹೆಚ್ಚಾಗಿ ಒಂದನ್ನಷ್ಟೇ ಹೇಳಿ ಸುಮ್ಮನಾಗುತ್ತಿದ್ದವು.

ಸಂದೇಶವನ್ನು ಯಾರೂ ಓದುವುದೇ ಇಲ್ಲ ಎಂಬ ಆಕ್ಷೇಪವಿದೆ. 2017ರಲ್ಲಿ ಸಂಶೋಧಕ ಟೈಟಸ್ ಬಾರಿಕ್ ಮತ್ತು ಸಂಗಡಿಗರು ಕಣ್ಣಿನ ಚಲನೆ ಅಳೆದು ನಡೆಸಿದ ಅಧ್ಯಯನ ಇದನ್ನು ಸುಳ್ಳಾಗಿಸಿತು: ಓದುತ್ತಾರೆ, ಆದರೆ ಆ ಓದು ಕೋಡ್ ಓದಿದಷ್ಟೇ ಕಷ್ಟ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆಕ್ಲೆಂಡ್ ವಿಶ್ವವಿದ್ಯಾಲಯದ್ದು. 2014ರಲ್ಲಿ ಅಲ್ಲಿನ ಸಂಶೋಧಕರು ವಿದ್ಯಾರ್ಥಿಗಳಿಗೆ ವಿಸ್ತಾರವಾದ ಸಂದೇಶಗಳನ್ನು ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಆ ಫಲಿತಾಂಶವನ್ನು ತಳ್ಳಿಹಾಕಬಾರದು. ಮಾತು ಹೆಚ್ಚಿಸಿದರೆ ಸಾಲದು, ಜಾಗವನ್ನೂ ಕಾರಣವನ್ನೂ ಸರಿಯಾಗಿ ಹಿಡಿಯಬೇಕು ಎಂದೇ ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಇಷ್ಟೆಲ್ಲ ವಿವರ ಹುಡುಕಿದರೆ ಉಪಕರಣ ನಿಧಾನವಾಗದೇ? ಪೈಥಾನ್ ಇದಕ್ಕೆ ಕಂಡುಕೊಂಡ ದಾರಿ ಸೊಗಸಾಗಿದೆ. 2020ರಲ್ಲಿ ಬಂದ ಅದರ ಹೊಸ ಪಾರ್ಸರ್ (ಕೋಡ್ ಓದಿ ಅದರ ರಚನೆ ಗುರುತಿಸುವ ಭಾಗ), ತಪ್ಪುಗಳನ್ನು ಗುರುತಿಸುವ ವಿಶೇಷ ನಿಯಮಗಳನ್ನು ಮೊದಲ ಓದಿನಲ್ಲಿ ಬಳಸುವುದಿಲ್ಲ. ಓದು ಮುರಿದುಬಿದ್ದಾಗ ಮಾತ್ರ ಆ ನಿಯಮಗಳೊಂದಿಗೆ ಮತ್ತೊಮ್ಮೆ ಓದುತ್ತದೆ. ಸರಿಯಾದ ಪ್ರೋಗ್ರಾಂ ಆ ಎರಡನೇ ಓದಿನ ಹೊರೆ ಹೊರಬೇಕಿಲ್ಲ. ಇನ್ನು, ಸಲಹೆ ಕೊಡುವ ಉಪಕರಣದ ಊಹೆಯೇ ತಪ್ಪಾಗಿ ದಾರಿ ತಪ್ಪಿಸಬಹುದು ಎಂಬ ಭಯ ನಿಜವಾದದ್ದು. ರಸ್ಟ್ ಅದಕ್ಕೆಂದೇ ತನ್ನ ಸಲಹೆಗಳಿಗೆ ಎಷ್ಟು ಖಚಿತ ಎಂಬ ಗುರುತು ಹಚ್ಚುತ್ತದೆ; ಖಚಿತವಾದವನ್ನಷ್ಟೇ ಕೋಡ್‌ನಲ್ಲಿ ತಾನಾಗಿ ತಿದ್ದಲು ಬಿಡುತ್ತದೆ. ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ತಪ್ಪಾಗಿ ಟೈಪ್ ಮಾಡಿದ ಆದೇಶಕ್ಕೆ ಹತ್ತಿರದ ಹೆಸರು ಸೂಚಿಸುತ್ತದೆ, ಬಳಕೆದಾರರು ಹಾಗೆ ಹೊಂದಿಸದ ಹೊರತು ಅದನ್ನು ತಾನೇ ನಡೆಸಿಬಿಡುವುದಿಲ್ಲ.

ರಸ್ಟ್ ಯೋಜನೆಯಲ್ಲಿ ಗೊಂದಲಗೊಳಿಸುವ ಸಂದೇಶದ ಬಗ್ಗೆಯೂ ದೂರು ದಾಖಲಿಸಬಹುದು, ಅದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಅಂಥ ದೂರು ಬರೆಯಲು ಕಂಪೈಲರ್ ಒಳಗಿನ ಜ್ಞಾನ ಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿ ಇಂಗ್ಲಿಷ್ ಸಂದೇಶದ ಯಾವ ವಾಕ್ಯದಲ್ಲಿ ಎಡವಿದೆ, ಏನೆಂದು ತಿಳಿದುಕೊಂಡೆ, ನಿಜವಾದ ತಪ್ಪು ಎಲ್ಲಿತ್ತು ಎಂದು ಬರೆದು ಕಳಿಸಿದರೆ, ಅಲ್ಲಿ ಕೆಲಸ ಮಾಡುವವರಿಗೆ ಬೇಕಾದ ಮಾಹಿತಿ ಅದೇ.