ದೊರೆ ಬೇಡವೆಂದವರ ನಾಡಿಗೆ ದೊರೆಗಳಾದವರು

ಜರ್ಮನಿಯ ವಾಯವ್ಯ ಮೂಲೆಯಲ್ಲಿ ಕಡಲಿಗೆ ಅಂಟಿಕೊಂಡ ತಗ್ಗುನೆಲ ಪೂರ್ವ ಫ್ರೀಸಿಯಾ. ಕಟ್ಟೆ ಒಡೆದರೆ ಊರೇ ನೀರುಪಾಲು. ಆ ಕಟ್ಟೆಗಳನ್ನು ಕಟ್ಟಿ ಕಾಯ್ದವರು ರೈತರು. ಮೇಲೊಬ್ಬ ಒಡೆಯ ಯಾಕೆ ಎಂಬುದು ಅವರ ಹಳೆಯ ಪಟ್ಟು. ಯುರೋಪಿನ ಬಹುಪಾಲು ಸಾಮಂತರ ಕೈಯಲ್ಲಿದ್ದಾಗ ಫ್ರೀಸಿಯನ್ನರ ಪ್ರತಿನಿಧಿಗಳು ಔರಿಖ್ ಬಳಿಯ ಉಪ್‌ಸ್ಟಾಲ್ಸ್‌ಬೂಮ್ ದಿಬ್ಬದಲ್ಲಿ ಸಭೆ ಸೇರುತ್ತಿದ್ದರು. ಇಂಥ ನೆಲವನ್ನು ಸುಮಾರು ಮುನ್ನೂರು ವರ್ಷ ಆಳಿದ ಮನೆತನ ಸಿರ್ಕ್‌ಸೇನಾ.

ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಊರೂರಿಗೂ ನಾಯಕರು ಹುಟ್ಟಿಕೊಂಡಿದ್ದರು. ಅವರಲ್ಲಿ ಫೋಕೊ ಉಕೇನಾನ ಕೈ ಮೇಲಾದಾಗ ಜನ ದಂಗೆಯೆದ್ದರು. ಸ್ವಾತಂತ್ರ್ಯದ ಹೆಸರಿನಲ್ಲಿ ಆ ದಂಗೆಯ ಮುಂದಾಳಾದವನು ಎಡ್ಜಾರ್ಡ್ ಸಿರ್ಕ್‌ಸೇನಾ. ಅವನ ತಮ್ಮ ಉಲ್ರಿಖ್, ಸೋತ ಫೋಕೊನ ಮೊಮ್ಮಗಳು ಥೇಡಾಳನ್ನೇ ಮದುವೆಯಾಗಿ ಹಗೆತನಕ್ಕೆ ತೆರೆ ಎಳೆದ. 1464ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್‌ನಿಂದ ಕೌಂಟ್ ಪದವಿಯನ್ನೂ ಪಡೆದ. ಸ್ವಾತಂತ್ರ್ಯಕ್ಕೆ ಹೋರಾಡಿದವರ ಮನೆಗೇ ಒಡೆತನ ಬಂತು! ಎರಡು ವರ್ಷಕ್ಕೆ ಉಲ್ರಿಖ್ ತೀರಿಕೊಂಡಾಗ ಚಿಕ್ಕ ಮಕ್ಕಳನ್ನೂ ನಾಡನ್ನೂ ಸಂಭಾಳಿಸಿದವಳು ಥೇಡಾ. ಈ ವಂಶವನ್ನು ನಿಲ್ಲಿಸಿದ್ದು ಅವಳೇ ಎಂದು ನನಗನ್ನಿಸುತ್ತದೆ.

ಅವಳ ಮಗ ಮೊದಲನೆಯ ಎಡ್ಜಾರ್ಡ್ (1462–1528) 'ಮಹಾನ್' ಎನಿಸಿಕೊಂಡ. ನಾಡಿನ ಕಾನೂನುಗಳನ್ನು ಒಟ್ಟುಗೂಡಿಸಿದ. ಲೂಥರನ ಸುಧಾರಣೆಗೆ ಅಡ್ಡ ಬರಲಿಲ್ಲ. ಪಟ್ಟ ಹಿರಿಮಗನಿಗೇ ಎಂಬ ಕಟ್ಟಳೆಯೂ ಅವನದೇ. ಅದನ್ನು ಮುರಿದವಳು ಅವನ ಸೊಸೆ ಆನಾ. ವಿಧವೆಯಾಗಿ ನಾಡನ್ನು ದಕ್ಷವಾಗಿಯೇ ನಡೆಸಿದವಳು ಮೂವರು ಗಂಡುಮಕ್ಕಳಿಗೂ ಅಧಿಕಾರ ಹಂಚಿಬಿಟ್ಟಳು. ಹಿರಿಯ ಎರಡನೆಯ ಎಡ್ಜಾರ್ಡ್ ಲೂಥರ್ ಪಂಥ, ಕಿರಿಯ ಯೋಹಾನ್ ಕ್ಯಾಲ್ವಿನ್ ಪಂಥ. ಅಣ್ಣತಮ್ಮಂದಿರ ಜಗಳ ನಾಡಿನ ಜಗಳವಾಯಿತು.

ಲಾಭ ಎಮ್ಡೆನ್ ಬಂದರಿಗೆ. ನೆದರ್‌ಲೆಂಡ್ಸಿನಿಂದ ಓಡಿಬಂದ ವ್ಯಾಪಾರಿಗಳಿಂದ ಕೊಬ್ಬಿದ್ದ ಆ ಕ್ಯಾಲ್ವಿನ್‌ಪಂಥಿ ಪಟ್ಟಣ 1595ರಲ್ಲಿ ಎಡ್ಜಾರ್ಡನ ವಿರುದ್ಧ ತಿರುಗಿಬಿತ್ತು. ಅದೇ ವರ್ಷದ ಡೆಲ್ಫ್‌ಜೈಲ್ ಒಪ್ಪಂದದಲ್ಲಿ ಅವನು ಹಲವು ಹಕ್ಕುಗಳನ್ನು ಬಿಟ್ಟುಕೊಡಬೇಕಾಯಿತು. ಮುಂದೆ ಪ್ರಿನ್ಸ್ ಪದವಿ ಬಂದರೂ ಈ ಮನೆತನಕ್ಕೆ ನಿರಂಕುಶ ಆಡಳಿತ ದಕ್ಕಲೇ ಇಲ್ಲ. ತೆರಿಗೆಯ ಕೀಲಿ ಪಟ್ಟಣಿಗರೂ ರೈತರೂ ಕೂತ ನಾಡಸಭೆಯ ಕೈಯಲ್ಲಿತ್ತು.

1744ರ ಮೇ ತಿಂಗಳಲ್ಲಿ ಇಪ್ಪತ್ತೇಳು ವರ್ಷದ ಕಾರ್ಲ್ ಎಡ್ಜಾರ್ಡ್ ಮಕ್ಕಳಿಲ್ಲದೆ ಸತ್ತ. ಒಂದು ಲೋಟ ಮಜ್ಜಿಗೆ ಕುಡಿದು ಸತ್ತನೆಂದು ಜನ ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪ್ರಶ್ಯದ ಫ್ರೆಡರಿಕ್ ತಡಮಾಡದೆ ನಾಡನ್ನು ವಶಪಡಿಸಿಕೊಂಡ. ಹೆಣ್ಣುಮೊಗದ ಹದ್ದಿನ ಸಿರ್ಕ್‌ಸೇನಾ ಲಾಂಛನ ಪೂರ್ವ ಫ್ರೀಸಿಯಾದ ಲಾಂಛನದಲ್ಲಿ ಇಂದಿಗೂ ಇದೆ.