ಕಣದಿಂದ ಟ್ರ್ಯಾಲಿಗೆ: ಸಣ್ಣ ಹಿಡುವಳಿಗೆ ಒಗ್ಗುವ ಕಾಳು ತುಂಬುವ ಯಂತ್ರ

ಸುಗ್ಗಿಯ ಕೆಲಸಗಳಲ್ಲಿ ಯಂತ್ರ ಇನ್ನೂ ಸರಿಯಾಗಿ ಕಾಲಿಡದೆ ಉಳಿದಿರುವುದು ಕಾಳು ತುಂಬುವ ಕೆಲಸಕ್ಕೆ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮೆಕ್ಕೆಜೋಳದ ತೆನೆಯನ್ನು ಯಂತ್ರವೇ ಬಿಡಿಸುತ್ತದೆ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಕಂಬೈನ್ ಹಾರ್ವೆಸ್ಟರ್ ಭತ್ತವನ್ನು ಕೊಯ್ದು, ಒಕ್ಕಿ, ತೂರಿ ಕೊಡುತ್ತದೆ. ಅಲ್ಲಿಂದ ಮುಂದೆ ಮತ್ತೆ ಬುಟ್ಟಿ, ಸಲಿಕೆ, ಹಮಾಲರ ಬೆನ್ನು. ನಾಲ್ಕು ಟನ್ ಹಿಡಿಯುವ ಟ್ರ್ಯಾಲಿಯನ್ನು 15 ಕೆ.ಜಿ.ಯ ಬುಟ್ಟಿಯಲ್ಲಿ ತುಂಬಬೇಕೆಂದರೆ 267 ಸಲ ಬಗ್ಗಿ ಎತ್ತಿ, ಎದೆಮಟ್ಟಕ್ಕಿಂತ ಮೇಲಿರುವ ಅಂಚಿನಾಚೆಗೆ ಸುರಿಯಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ವ್ಯಾಪಾರ ಇಂದಿಗೂ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ವಯಸ್ಕ ಗಂಡಾಳು ಹೊರುವ ಹೊರೆ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಆದ್ದರಿಂದ ಇದು ಬರೀ ಕೂಲಿ ಉಳಿಸುವ ವಿಚಾರವಲ್ಲ, ದುಡಿಯುವವರ ಸೊಂಟ ಉಳಿಸುವ ವಿಚಾರವೂ ಹೌದು.

ಯಂತ್ರ ನೋಡಲು ಹೋಗುವ ಮೊದಲು ಎಣಿಸಬೇಕಾದದ್ದೊಂದಿದೆ: ಕಾಳು ಹೊಲದಿಂದ ಮಂಡಿ ಸೇರುವಷ್ಟರಲ್ಲಿ ಎಷ್ಟು ಸಲ ಮೇಲೇಳುತ್ತದೆ? ಕಂಬೈನಿನ ತೊಟ್ಟಿಯಿಂದ ಟ್ರ್ಯಾಲಿಗೆ ಬೀಳುವುದು ಕಂಬೈನಿನದೇ ಕೊಳವೆಯಿಂದ. ಅದಕ್ಕೆ ಬೇರೆ ಖರ್ಚಿಲ್ಲ. ಆಮೇಲೆ ಅದನ್ನು ಕಣದಲ್ಲೋ ರಸ್ತೆಯಲ್ಲೋ ಹರವಬೇಕು, ಒಣಗಿದ ಮೇಲೆ ರಾಶಿ ಎಳೆಯಬೇಕು, ಚೀಲಕ್ಕೆ ತುಂಬಬೇಕು, ಚೀಲವನ್ನು ತೂಗಿ ಟ್ರ್ಯಾಲಿಗೇರಿಸಬೇಕು, ಮಂಡಿಯಲ್ಲಿ ಇಳಿಸಬೇಕು. ಇದರಲ್ಲಿ ಒಣಗಿಸುವ ಕೆಲಸ ತಪ್ಪಿಸಿಕೊಳ್ಳುವಂಥದ್ದಲ್ಲ. ಕಂಬೈನಿನಿಂದ ಬಂದ ಭತ್ತದಲ್ಲಿ ತೇವಾಂಶ ಶೇ. 20 ದಾಟಿರುವುದುಂಟು. ಬೆಂಬಲ ಬೆಲೆಯ ಖರೀದಿ ಕೇಂದ್ರ ಒಪ್ಪುವುದು ಭತ್ತಕ್ಕೆ ಶೇ. 17, ಮೆಕ್ಕೆಜೋಳಕ್ಕೆ ಶೇ. 14ರವರೆಗೆ ಮಾತ್ರ. ಚೀಲದ ಮಾತು ಹಾಗಲ್ಲ. ಕೊಳ್ಳುವವರು ವೇಬ್ರಿಡ್ಜಿನಲ್ಲಿ ತೂಗಿಸಿ ಬಿಡಿಕಾಳನ್ನೇ ತೆಗೆದುಕೊಳ್ಳುವುದಾದರೆ ತುಂಬುವ, ಹೊಲಿಯುವ, ಹೊರುವ ಮೂರು ಕೆಲಸವೂ ತಪ್ಪುತ್ತವೆ. ಯಾವ ಯಂತ್ರವೂ ಇಷ್ಟು ಉಳಿಸಿಕೊಡಲಾರದು. ಹೀಗಾಗಿ ಬಿಡಿಕಾಳೋ ಚೀಲವೋ ಎಂಬುದು ಮೊದಲು ತೀರ್ಮಾನವಾಗಬೇಕು. ಎರಡಕ್ಕೂ ಬೇಕಾದ ಯಂತ್ರಗಳೇ ಬೇರೆ.

ಬಿಡಿಕಾಳಿಗೆ ಸಣ್ಣ ರೈತರ ಕೈಗೆಟುಕುವ ಯಂತ್ರವೆಂದರೆ ಸ್ಕ್ರೂ ಕನ್ವೇಯರ್. ಆಗರ್ ಎಂದೂ ಕರೆಯುತ್ತಾರೆ. ಉದ್ದನೆಯ ಉಕ್ಕಿನ ಕೊಳವೆ, ಅದರೊಳಗೆ ಸುರುಳಿ ಸುತ್ತಿದ ತಗಡಿನ ದಂಡ, ತುದಿಗೊಂದು ಮೋಟಾರು. ದಂಡ ತಿರುಗಿದಂತೆ ಕಾಳು ಸುರುಳಿಯ ಮೇಲೆ ಜರುಗುತ್ತ ಮೇಲೇರುತ್ತದೆ. ನೀರೆತ್ತಲು ಆರ್ಕಿಮಿಡೀಸನ ಹೆಸರಿನಲ್ಲಿ ಬಳಕೆಗೆ ಬಂದ ತಿರುಪಿನ ತತ್ವವೇ ಇದು. ಚಕ್ರದ ಮೇಲೆ ಕೂರಿಸಿದ ಆಗರನ್ನು ಇಬ್ಬರು ತಳ್ಳಿಕೊಂಡು ಹೋಗಬಹುದು. ಬಾಯಿಯನ್ನು ರಾಶಿಗೆ ಹೂತು ಮೋಟಾರು ಹಾಕಿದರೆ ಸಾಕು, ರಾಶಿ ಕರಗುತ್ತ ಬರುತ್ತದೆ. ಕಾಳನ್ನು ಬಾಯಿಯ ಕಡೆಗೆ ಎಳೆದು ಕೊಡಲು ಉದ್ದ ಹಿಡಿಕೆಯ ಹಲಗೆ ಹಿಡಿದ ಒಬ್ಬರಿದ್ದರಾಯಿತು.

ಆದರೆ ಆಗರಿನ ಮೇಲೆ ಬರೆದಿರುವ ಸಾಮರ್ಥ್ಯವನ್ನು ಹಾಗೆಯೇ ನಂಬಿದರೆ ಲೆಕ್ಕ ತಪ್ಪುತ್ತದೆ. ಆ ಅಂಕಿ ಹೆಚ್ಚಾಗಿ ಒಣಗಿದ ಗೋಧಿಯದು, ಅದೂ ಕೊಳವೆ ಹೆಚ್ಚು ಓರೆಯಾಗಿಲ್ಲದಾಗಿನದು. ಒಂದು ಘನ ಮೀಟರ್ ಜಾಗದಲ್ಲಿ ಗೋಧಿ ಸುಮಾರು 770 ಕೆ.ಜಿ. ಹಿಡಿದರೆ ಮೆಕ್ಕೆಜೋಳ 720ರ ಆಸುಪಾಸು, ಹೊಟ್ಟಿನ ಹೊದಿಕೆಯಿರುವ ಭತ್ತ 575ರ ಆಸುಪಾಸು ಹಿಡಿಯುತ್ತದೆ. ಗೋಧಿಗೆ ಗಂಟೆಗೆ 6 ಟನ್ ಎತ್ತುವ ಯಂತ್ರ ಭತ್ತಕ್ಕೆ ಇಳಿದಾಗ ನಾಲ್ಕೂವರೆ ಟನ್ನಿಗೆ ನಿಲ್ಲುತ್ತದೆ. ಕೊಳವೆಯನ್ನು 45 ಡಿಗ್ರಿಗೆ ಏರಿಸಿದರೆ ಇದರಲ್ಲೂ ಮೂರರಲ್ಲೊಂದು ಪಾಲಿನಷ್ಟು ಕಡಿತ. ಕಾಳು ಹಸಿಯಾಗಿದ್ದರೆ ಅದು ಸುಲಭವಾಗಿ ಜಾರುವುದಿಲ್ಲ, ಹೊರುವುದು ಮತ್ತಷ್ಟು ತಗ್ಗುತ್ತದೆ, ಮೋಟಾರಿಗೂ ತಿಣುಕಾಟ.

ಉದ್ದ ಆರಿಸುವಾಗಲೂ ಇದೇ ಲೆಕ್ಕ ಬರುತ್ತದೆ. ಲಾರಿಯ ಅಂಚಿಗೆಂದು 3 ಮೀಟರ್ ಎತ್ತರ ಮುಟ್ಟಬೇಕಾದರೆ 45 ಡಿಗ್ರಿಯಲ್ಲಿ ನಾಲ್ಕೂಕಾಲು ಮೀಟರ್ ಕೊಳವೆ ಸಾಕು, 30 ಡಿಗ್ರಿಯಲ್ಲಿ 6 ಮೀಟರ್ ಬೇಕು. ಉದ್ದದ ಕೊಳವೆಗೆ ಬೆಲೆ ಜಾಸ್ತಿ, ತಿರುಗಿಸಲು ಕಣದಲ್ಲಿ ಜಾಗವೂ ಬೇಕು. ಆದರೂ ಓರೆ ಕಡಿಮೆಯಾದಷ್ಟೂ ಅದು ಹೆಚ್ಚು ಹೊರುತ್ತದೆ. ಟ್ರ್ಯಾಲಿಗಷ್ಟೇ ತುಂಬುವ ರೈತರು ಲಾರಿಯ ಎತ್ತರದ ಯಂತ್ರಕ್ಕೆ ಹಣ ಹಾಕಬೇಕಿಲ್ಲ.

ಕಾಳು ಒಡೆಯುವುದರ ಬಗ್ಗೆ ರೈತರಿಗಿರುವ ಅಂಜಿಕೆ ಸಕಾರಣವಾದದ್ದು. ಸುರುಳಿಯ ಅಂಚಿಗೂ ಕೊಳವೆಯ ಗೋಡೆಗೂ ನಡುವೆ ಸಿಕ್ಕಿದ ಕಾಳು ಅರೆದುಹೋಗುತ್ತದೆ. ಹೆಚ್ಚು ಹಾನಿಯಾಗುವುದು ಯಂತ್ರ ಅರ್ಧ ಖಾಲಿಯಿದ್ದು ಜೋರಾಗಿ ತಿರುಗುವಾಗ. ಕೊಳವೆ ತುಂಬಿದ್ದು ನಿಧಾನ ತಿರುಗಿದರೆ ಕಾಳು ಒಂದಕ್ಕೊಂದು ಒತ್ತಾಗಿ ಒಟ್ಟಿಗೆ ಸಾಗುತ್ತದೆ, ಪೆಟ್ಟು ಕಡಿಮೆ. ಆದ್ದರಿಂದ ಸಣ್ಣ ಕೊಳವೆಯನ್ನು ವೇಗವಾಗಿ ಓಡಿಸುವುದಕ್ಕಿಂತ ದೊಡ್ಡ ಕೊಳವೆಯನ್ನು ನಿಧಾನವಾಗಿ ಓಡಿಸುವುದು ಮೇಲು. ಭತ್ತದ ಕಾಳಿನಲ್ಲಿ ಬಿದ್ದ ಬಿರುಕು ಹೊರಗೆ ಕಾಣದು, ಗಿರಣಿಯಲ್ಲಿ ನುಚ್ಚಾಗಿ ತೋರಿಕೊಳ್ಳುತ್ತದೆ. ಬೀಜಕ್ಕೆಂದು ಇಟ್ಟ ಕಡಲೆ, ತೊಗರಿ, ಶೇಂಗಾಗಳಂತೂ ಆಗರಿನ ಪೆಟ್ಟು ತಡೆಯುವುದಿಲ್ಲ. ಮೊಳಕೆಯೊಡೆಯುವ ಶಕ್ತಿಯೇ ಹೋಗಬಹುದು. ಅವಕ್ಕೆ ಬೆಲ್ಟ್ ಕನ್ವೇಯರೇ ಸರಿ.

ಬೆಲ್ಟ್ ಕನ್ವೇಯರ್ ಬಿಡಿಕಾಳನ್ನೂ ಸಾಗಿಸುತ್ತದೆ, ಚೀಲವನ್ನೂ ಏರಿಸುತ್ತದೆ. ಚೀಲ ಬಿಡಲಾಗದ ರೈತರಿಗೆ ಬೇರೆ ದಾರಿ ಇಲ್ಲವೆಂದೇ ಹೇಳಬೇಕು. ಪಟ್ಟಿಯ ಮೇಲೆ ಅಡ್ಡಕ್ಕೆ ಏಣುಗಳಿದ್ದರೆ ಏರಿನಲ್ಲಿ ಚೀಲ ಜಾರುವುದಿಲ್ಲ. ಇದಕ್ಕೆ ಆಗರಿಗಿಂತ ಕಡಿಮೆ ಶಕ್ತಿ ಸಾಕು; ಆದರೆ ಬೆಲೆಯೂ ತೂಕವೂ ಹೆಚ್ಚು, ಪಟ್ಟಿಯನ್ನು ಬಿಸಿಲು ಮಳೆಯಿಂದ ಕಾಪಾಡಬೇಕು. ಬಕೆಟ್ ಎಲಿವೇಟರ್ ಅಕ್ಕಿ ಗಿರಣಿಗಳಲ್ಲಿ ಕಾಣುವಂಥದ್ದು: ನಿಂತ ಬೆಲ್ಟಿಗೆ ಸಾಲಾಗಿ ಕಟ್ಟಿದ ಸಣ್ಣ ಬೋಗುಣಿಗಳು ಕಾಳನ್ನು ನೇರ ಮೇಲಕ್ಕೆ ಒಯ್ಯುತ್ತವೆ. 1840ರ ದಶಕದಲ್ಲಿ ಅಮೆರಿಕದ ಬಫಲೋ ಬಂದರಿನಲ್ಲಿ ಜೋಸೆಫ್ ಡಾರ್ಟ್ ಇಂಥದ್ದನ್ನು ಉಗಿಯಂತ್ರಕ್ಕೆ ಜೋಡಿಸಿ ಹಡಗಿನ ಗೋಧಿಯನ್ನು ಇಳಿಸಿದ ಮೇಲೆ ಜಗತ್ತಿನ ಕಾಳಿನ ವ್ಯಾಪಾರದ ಗತಿಯೇ ಬದಲಾಯಿತು. ಕಾಳಿಗೆ ಹಾನಿ ಕಡಿಮೆ, ಕೆಲಸ ಅಚ್ಚುಕಟ್ಟು. ಆದರೆ ನೆಟ್ಟಲ್ಲಿಂದ ಕದಲದ ಯಂತ್ರವಾದ್ದರಿಂದ ಸ್ವಂತ ಗೋದಾಮಿಲ್ಲದವರಿಗೆ ಬೇಡ. ಗಾಳಿಯಿಂದ ಹೀರಿ ಊದುವ ಯಂತ್ರಗಳು ಮೂಲೆಮುಡುಕಿನ ಕಾಳನ್ನೂ ಎಳೆದುಕೊಳ್ಳುತ್ತವೆ, ಆದರೆ ಅಷ್ಟೇ ಕಾಳಿಗೆ ಆಗರಿನ ಹಲವು ಪಟ್ಟು ಶಕ್ತಿ ನುಂಗುತ್ತವೆ. ಟ್ರ್ಯಾಕ್ಟರಿನ ಮುಂದೆ ಬಕೆಟ್ ಕೂರಿಸಿಕೊಂಡವರು ಅದರಲ್ಲೇ ರಾಶಿ ಎತ್ತಬಹುದು. ಅದಕ್ಕೆ ಗಟ್ಟಿ ಕಣ ಇರಬೇಕು; ಗೊಬ್ಬರ, ಮಣ್ಣಿಗೂ ಅದೇ ಬಕೆಟ್ ಬಳಕೆಯಾಗುವುದರಿಂದ ಅದನ್ನು ಚೆನ್ನಾಗಿ ತೊಳೆದಿರಬೇಕು.

ಎಷ್ಟು ದೊಡ್ಡ ಯಂತ್ರ ಬೇಕು? ಐದು ಎಕರೆಯಲ್ಲಿ ಎಕರೆಗೆ 22 ಕ್ವಿಂಟಲಿನಂತೆ ಮೆಕ್ಕೆಜೋಳ ಬಂದರೆ ಒಟ್ಟು 11 ಟನ್. ನಿಜವಾಗಿ ಗಂಟೆಗೆ 4 ಟನ್ ಎತ್ತುವ ಆಗರಿಗೆ ಅದು ಮೂರು ಗಂಟೆಯೊಳಗಿನ ಕೆಲಸ. ಒಂದು ಟ್ರ್ಯಾಲಿ ಮಂಡಿಗೆ ಹೋಗಿ, ಸರದಿ ನಿಂತು, ಖಾಲಿಯಾಗಿ ಬರಲು ಅರ್ಧ ದಿನ ಹಿಡಿಯುವಲ್ಲಿ ಇದಕ್ಕಿಂತ ವೇಗದ ಯಂತ್ರ ತಂದರೆ ಅದು ಟ್ರ್ಯಾಲಿಗಾಗಿ ಕಾಯುತ್ತ ನಿಲ್ಲುತ್ತದೆ. ಕರೆಂಟಿನ ಖರ್ಚನ್ನು ನೋಡಿ ಯಂತ್ರ ಆರಿಸುವುದಂತೂ ಬೇಡವೇ ಬೇಡ: 2 ಎಚ್.ಪಿ. ಮೋಟಾರು ಗಂಟೆಗೆ ಸುಡುವುದು ಹೆಚ್ಚುಕಡಿಮೆ ಎರಡು ಯೂನಿಟ್ಟಿನೊಳಗೆ. ಕೇಳಬೇಕಾದ ಪ್ರಶ್ನೆ, ಕಣದ ಬಳಿ ಯಾವ ಕರೆಂಟು ಸಿಗುತ್ತದೆ ಎಂಬುದು. ಪಂಪ್‌ಸೆಟ್ಟಿನ ತ್ರೀಫೇಸ್ ದಿನದಲ್ಲಿ ಕೆಲವೇ ಗಂಟೆ ಇರುತ್ತದೆ. ಸಿಂಗಲ್‌ಫೇಸಿಗೆ 2 ಎಚ್.ಪಿ. ದಾಟದ ಮೋಟಾರು ಒಳ್ಳೆಯದು. ಕರೆಂಟೇ ಇಲ್ಲದ ಕಣಕ್ಕೆ ಟ್ರ್ಯಾಕ್ಟರಿನ ಹಿಂದೆ ತಿರುಗುವ ದಂಡದಿಂದ (ಪಿಟಿಒ) ಓಡುವ ಆಗರ್ ತೆಗೆದುಕೊಳ್ಳಬೇಕು.

2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಇಷ್ಟು ಜಮೀನಿಗೆ ವರ್ಷದಲ್ಲಿ ಕೆಲವೇ ಗಂಟೆ ಓಡುವ ಯಂತ್ರವನ್ನು ಒಬ್ಬೊಬ್ಬರೂ ಕೊಳ್ಳುವುದು ಸಾಲದ ದಾರಿ. ಹತ್ತು ಮನೆಯವರು ಸೇರಿ, ಇಲ್ಲವೇ ಸಹಕಾರ ಸಂಘದ ಅಥವಾ ರೈತ ಉತ್ಪಾದಕರ ಕಂಪನಿಯ ಹೆಸರಿನಲ್ಲಿ ಕೊಂಡರೆ ಖರ್ಚು ಹಂಚಿಹೋಗುತ್ತದೆ; ಎಲ್ಲರ ಬೆಳೆ ಒಂದೇ ವಾರ ಒಣಗುವುದರಿಂದ ಸರದಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ರಾಜ್ಯದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಯೋಜನೆಯಡಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳಿವೆ. ಹತ್ತಿರದ ಕೇಂದ್ರದಲ್ಲಿ ಇಂಥ ಯಂತ್ರ ಇದೆಯೇ, ಕೊಳ್ಳುವುದಾದರೆ ಸಹಾಯಧನ ಉಂಟೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಕೊಳ್ಳುವಾಗ ಅಗ್ಗಕ್ಕೆ ಆಸೆಪಟ್ಟು ಬಿಡಬಾರದ ಭಾಗವೆಂದರೆ ಬಾಯಿಯ ಜಾಲರಿ. ತೆರೆದ ಸುರುಳಿ ಕೈಬೆರಳನ್ನು, ಪಂಚೆಯ ತುದಿಯನ್ನು, ಸೀರೆಯ ಸೆರಗನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆದುಕೊಳ್ಳುತ್ತದೆ. ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅದಕ್ಕೂ ಹೊದಿಕೆ ಇರಲೇಬೇಕು. ಕಾಳು ಕಟ್ಟಿಕೊಂಡರೆ ಮೋಟಾರು ನಿಲ್ಲಿಸಿ, ಪ್ಲಗ್ ಕಿತ್ತ ಮೇಲಷ್ಟೇ ಕೈ ಹಾಕಬೇಕು. ಎತ್ತಿ ನಿಲ್ಲಿಸಿದ ಆಗರನ್ನು ಹಾಗೆಯೇ ತಳ್ಳಿಕೊಂಡು ಹೋದಾಗ ತುದಿ ವಿದ್ಯುತ್ ತಂತಿಗೆ ತಾಗಿದರೆ ತಳ್ಳುವವರೆಲ್ಲರಿಗೂ ಪ್ರಾಣಾಪಾಯ. ಜಾಗ ಬದಲಿಸುವಾಗ ಕೊಳವೆಯನ್ನು ಕೆಳಗಿಳಿಸಿಯೇ ಸಾಗಿಸಬೇಕು.

ಹಣ ಕೊಡುವ ಮೊದಲು ತಮ್ಮದೇ ಕಾಳು ಕೊಟ್ಟು ಓಡಿಸಿ ನೋಡಬೇಕು. ತೂಗಿದ ಎರಡು ಕ್ವಿಂಟಲ್ ಮೇಲೇರಲು ಎಷ್ಟು ನಿಮಿಷ ಹಿಡಿಯಿತು, ಆಚೆ ಬಿದ್ದ ಒಂದು ಹಿಡಿಯಲ್ಲಿ ಹೊಸದಾಗಿ ಒಡೆದ ಕಾಳೆಷ್ಟು, ಕೊಳವೆಯಲ್ಲಿ ಉಳಿದದ್ದೆಷ್ಟು ಎಂಬ ಮೂರು ಸಂಗತಿಗಳು ಯಂತ್ರದ ಮೇಲಿನ ಚೀಟಿಗಿಂತ ನಂಬಿಕಸ್ಥ. ಕೊಳವೆಯ ಬುಡದಲ್ಲಿ ಕೆಲವು ಕೆ.ಜಿ. ಕಾಳು ಯಾವಾಗಲೂ ಉಳಿಯುತ್ತದೆ. ತಳಿ ಬದಲಾದಾಗ ಅದನ್ನು ತೆಗೆಯದಿದ್ದರೆ ಬೀಜದಲ್ಲಿ ಬೆರಕೆಯಾಗುತ್ತದೆ, ಸುಗ್ಗಿ ಮುಗಿದ ಮೇಲೂ ಬಿಟ್ಟರೆ ನುಸಿ, ಹುಳುವಿಗೆ ಮನೆಯಾಗುತ್ತದೆ. ಹಾಗಾಗಿ ಬುಡದಲ್ಲಿ ತೆರೆಯುವ ಮುಚ್ಚಳವಿರುವ ಆಗರನ್ನೇ ಆರಿಸಬೇಕು. ಕೊನೆಯ ರಾಶಿಯ ನಂತರ ಅದನ್ನು ತೆರೆದು ಗುಡಿಸಿ, ಬೇರಿಂಗಿಗೆ ಗ್ರೀಸ್ ತುಂಬಿ, ಇಲಿ ಹೊಗದಂತೆ ಕೊಳವೆಯ ಎರಡೂ ಬಾಯಿಗೆ ತಂತಿಬಲೆ ಬಿಗಿದು ಸೂರಿನಡಿ ಇಡಬೇಕು.