ಒಂದನೆಯ ತರಗತಿಯ ಆರು ದಿನಗಳು

ಪ್ರಾಥಮಿಕ ಶಾಲೆಯ ಒಂದನೆಯ ತರಗತಿಯಲ್ಲಿ ನಡೆಯುವುದೇನೆಂದು ನಗರವಾಸಿಗಳಾದ ವಿದ್ಯಾವಂತರು ವಿಚಾರಿಸುವುದು ಅಪರೂಪ. ಅಕ್ಷರ ತಿದ್ದಿಸುವುದು, ಮಗ್ಗಿ ಹೇಳಿಸುವುದು, ಇಷ್ಟೇ ಅಲ್ಲವೆ ಎಂದು ನಾವು ಭಾವಿಸುತ್ತೇವೆ. ಎರಡು ಭಾಷೆಗಳು ಸಂಧಿಸುವ ಸೀಮೆಯಲ್ಲಿ ಈ ಕೆಲಸ ಎಷ್ಟು ಸೂಕ್ಷ್ಮವಾದುದೆಂಬುದನ್ನು ತಿಳಿಯಬೇಕಾದರೆ, ಹನೂರಿನ ಕಡೆಯ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ಒಂದು ವಾರದ ಪಾಠ ಹೇಗೆ ಸಾಗತಕ್ಕದ್ದೆಂಬುದನ್ನು ದಿನದಿನವಾಗಿ ಆಲೋಚಿಸಿ ನೋಡೋಣ.

ಕೊಳ್ಳೇಗಾಲದ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆ ವರ್ಷದ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಎಲ್ಲೆ ಬದಲಾಯಿತು; ಮನೆಮಾತು ಬದಲಾಗಲಿಲ್ಲ. ಹನೂರಿನ ಆಚೆ ಮಾರ್ಟಳ್ಳಿ ಮೊದಲಾದ ಗ್ರಾಮಗಳಲ್ಲಿ ತಮಿಳನ್ನಾಡುವ ಕ್ಯಾಥೊಲಿಕ್ ಕುಟುಂಬಗಳು ಬಹಳವಾಗಿವೆ. ಅದೇ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸಲು ಸೌಕರ್ಯ ಕಲ್ಪಿಸುವ ಪ್ರಯತ್ನವನ್ನು ರಾಜ್ಯಗಳು ಮಾಡಬೇಕೆಂದು ವಿಧಿಸುತ್ತದೆ. ಆದರೆ ಕನ್ನಡದಲ್ಲಿ ಪಾಠ ನಡೆಯುವ ಶಾಲೆಗೆ ತಮಿಳು ಮನೆಯ ಮಗು ಬಂದು ಕುಳಿತಾಗ, ಅದರ ಮುಂದೆ ನಿಲ್ಲತಕ್ಕವರು ಶಾಸನಕರ್ತರಲ್ಲ, ಉಪಾಧ್ಯಾಯಿನಿ.

ಸೋಮವಾರ ಪ್ರಾರ್ಥನೆಯಾದ ಮೇಲೆ ಸ್ಲೇಟನ್ನು ತೆಗೆಸದೆ ಮಾತನ್ನೇ ಆಡಿಸುವುದು ಮೇಲು. ಹಾಲು, ಹೂವು, ಹಲ್ಲು, ಹುಲಿ ಎಂದು ಸಿಸ್ಟರ್ ಚಿತ್ರ ತೋರಿಸಿದರೆ, ಮಗು ಪಾಲ್, ಪೂ, ಪಲ್ಲು, ಪುಲಿ ಎನ್ನುತ್ತದೆ. ಇದನ್ನು ತಪ್ಪೆನ್ನಬಹುದೆ? ನಮ್ಮ ಹಳಗನ್ನಡದಲ್ಲಿಯೂ ಇವು ಪಾಲ್, ಪೂ, ಪಲ್, ಪುಲಿ ಎಂದೇ ಇದ್ದುವು. ಪಕಾರವು ಹಕಾರವಾಗುವ ದಾರಿಯನ್ನು ಆಟವಾಗಿ ತೋರಿಸಿದರೆ ಒಂದು ಮಾತಿನಿಂದ ಹತ್ತು ಮಾತು ದೊರೆಯುತ್ತವೆ.

ಮಂಗಳವಾರ ಅಕ್ಷರ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಬಾಯಿಪಾಠ ಮಾಡಿಸುವುದು ಹಳೆಯ ಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ರ, ಗ, ಸ, ದ, ಅ ಎಂಬ ಸುಲಭವಾದ ಅಕ್ಷರಗಳಿಂದ ಹೊರಡುತ್ತದೆ. ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಆದರೆ ಗರಗಸವೆಂದರೇನೆಂದು ಅರಿಯದ ಮಗುವಿಗೆ ಅದು ನಾಲ್ಕು ಗೆರೆಗಳ ಗುಂಪು ಮಾತ್ರ. ಆದುದರಿಂದಲೇ ಸೋಮವಾರದ ಮಾತು ಮಂಗಳವಾರದ ಅಕ್ಷರಕ್ಕಿಂತ ಮುಂದೆ ಬರಬೇಕು.

ಬುಧವಾರದ ಲೆಕ್ಕದಲ್ಲಿ ಮಗುವಿಗೆ ಸ್ವಲ್ಪ ನೆಮ್ಮದಿಯುಂಟು. ಆರು, ಏಳು ಎರಡು ಭಾಷೆಗಳಲ್ಲಿಯೂ ಒಂದೇ, ಪತ್ತು ಹತ್ತಾಗುತ್ತದೆ. ಹುಣಿಸೆಬೀಜವನ್ನು ಎಣಿಸುವಾಗ ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲವೆಂಬುದು ಪ್ರಕಟವಾಗುತ್ತದೆ.

ಗುರುವಾರ ಪರಿಸರ ಪಾಠ. ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಸೀಮೆ. ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳು ನಾಲ್ಕು ಬಾರಿ ಜ್ವರಕ್ಕೆ ಕುಳಿತು ಪೊರೆ ಬಿಟ್ಟು, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುವುದನ್ನು ಹುಳು ಸಾಕುವ ಮನೆಯ ಮಗು ಉಪಾಧ್ಯಾಯಿನಿಗಿಂತ ಚೆನ್ನಾಗಿ ಬಲ್ಲದು. ಆ ದಿನ ಮಗು ಹೇಳತಕ್ಕದ್ದು, ತರಗತಿ ಕೇಳತಕ್ಕದ್ದು. ಬೇಕಾದ ಕನ್ನಡ ಪದ ತಾನಾಗಿಯೇ ನಾಲಗೆಗೆ ಬರುತ್ತದೆ.

ಶುಕ್ರವಾರ ಧರ್ಮೋಪದೇಶದ ವೇಳೆಯೆಂದಿಟ್ಟುಕೊಳ್ಳೋಣ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದರೆ ಇತರರು ನೀತಿಪಾಠಕ್ಕೆ ಕುಳಿತುಕೊಳ್ಳುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ಸಹಾಯಧನ ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಯಾವ ಮಗುವನ್ನೂ ಮತಬೋಧೆಗೆ ಕುಳ್ಳಿರಿಸಕೂಡದೆಂಬುದು ಸಂವಿಧಾನದ 28ನೆಯ ವಿಧಿಯ ನಿಯಮ.

ಶನಿವಾರ ಅರ್ಧ ದಿನ, ಉಕ್ತಲೇಖನ. ಮುಂದಿನ ತಿಂಗಳುಗಳಲ್ಲಿ ದೀರ್ಘ, ಗುಡಿಸು, ಕೊಂಬುಗಳು ಬಂದ ಮೇಲೆ, ಸಿಸ್ಟರ್ ‘ಗಾಳಿ’ ಎಂದರೆ ಮಗು ‘ಕಾಳಿ’ ಎಂದು ಬರೆಯುವುದುಂಟು. ಕಿವಿ ಮಂದವೆಂದಾಗಲಿ, ಗಮನವಿಲ್ಲವೆಂದಾಗಲಿ ಇದರ ಅರ್ಥವಲ್ಲ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಆ ಭಾಷೆಯ ದೇಶ್ಯಪದಗಳಲ್ಲಿ ಈ ಎರಡು ಧ್ವನಿಗಳಿಂದ ಅರ್ಥಭೇದವಾಗುವುದಿಲ್ಲ. ನಮಗೆ ಬೇರೆಯಾಗಿ ಕೇಳುವುದನ್ನು ಆ ಮಗುವಿನ ಕಿವಿ ಒಂದಾಗಿ ಕೇಳಲು ಕಲಿತಿದೆ. ಕೆಂಪು ಗೆರೆ ಎಳೆದು ದಡ್ಡನೆಂದುಬಿಟ್ಟರೆ, ಮಗು ಮುಂದಿನ ಸೋಮವಾರ ಬಾಯಿ ತೆರೆಯಲಾರದು. ಎರಡು ಪದಗಳನ್ನೂ ಜೊತೆಯಾಗಿ ನುಡಿಸಿ, ಭೇದವನ್ನು ಕೇಳಿಸಿದರೆ ಕೆಲವು ವಾರಗಳಲ್ಲಿ ಕಿವಿ ತಿದ್ದಿಕೊಳ್ಳುತ್ತದೆ.

ಓದಲು ಕಲಿಯುವುದು ಒಂದು ಕೆಲಸ, ಹೊಸ ಭಾಷೆಯನ್ನು ಕಲಿಯುವುದು ಇನ್ನೊಂದು. ಎರಡನ್ನೂ ಒಂದೇ ಗಳಿಗೆಯಲ್ಲಿ ಹೇರಿ, ಮಗು ತಡವರಿಸಿದರೆ ಅದನ್ನು ಬುದ್ಧಿಯ ದೋಷವೆನ್ನುವುದು ನ್ಯಾಯವಲ್ಲ.

ಇದು ಹನೂರಿನ ಮಾತೇ ಹೊರತು ನಮ್ಮದಲ್ಲವೆಂದು ನಗರದ ಶ್ರೋತೃಗಳು ಸುಮ್ಮನಿರುವಂತಿಲ್ಲ. 1ರಿಂದ 4ನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಮಾಡಿದ ಆಜ್ಞೆಯನ್ನು, ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರಲಾಗದೆಂದು ಸುಪ್ರೀಂ ಕೋರ್ಟು 2014ರಲ್ಲಿ ತಳ್ಳಿಹಾಕಿತು. ಆಯ್ಕೆ ಪೋಷಕರದಾಯಿತು. ಕನ್ನಡ ಮನೆಯ ಮಗುವನ್ನು ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಕೂರಿಸುವಾಗ ನಾವೂ ಅದೇ ಎರಡು ಹೊರೆಗಳನ್ನು ಒಟ್ಟಿಗೆ ಹೊರಿಸುತ್ತಿದ್ದೇವೆ. ಮಗು ಓದಲಾರದೆಂದು ಯಾರಾದರೂ ದೂರಿದಾಗ, ಅದಕ್ಕೆ ತಿಳಿಯದಿರುವುದು ಅಕ್ಷರವೋ ಮಾತೋ ಎಂದು ಮೊದಲು ವಿಚಾರಿಸಬೇಕೆಂಬುದು ನಮ್ಮ ಬಿನ್ನಹ.